ಮಣಿಯ ಗದೆಗಳು

ಇಂಗ್ಲಿಷ್ ಶಾಲಾಕಾದಂಬರಿಗಳ ಪುಂಡ ಹುಡುಗರಿಗೆಲ್ಲ ಹಿರಿಯಣ್ಣ ಫ್ಲಾಷ್‌ಮನ್. ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ನಲ್ಲಿ ಅವನು ಟಾಮ್‌ನನ್ನು ಒಲೆಯ ಬೆಂಕಿಗೆ ಒಡ್ಡುತ್ತಾನೆ. ಮುಂದೆ ಕುಡಿದು ಸಿಕ್ಕಿಬಿದ್ದಾಗ ಹೆಡ್‌ಮಾಸ್ತರರು ಅವನನ್ನು ಹೊರಗೆ ಹಾಕುತ್ತಾರೆ. ಪುಂಡ ಹೋದ, ಶಾಲೆ ಶುದ್ಧವಾಯಿತು ಎಂಬ ಲೆಕ್ಕ.

ಈ ಲೆಕ್ಕ ಆರ್. ಕೆ. ನಾರಾಯಣ್‌ರಿಗೆ ಹಿಡಿಸಲಿಲ್ಲವೆಂದು ಕಾಣುತ್ತದೆ. ಮೈಸೂರಿನ ಮಹಾರಾಜಾ ಹೈಸ್ಕೂಲಿನ ಹೆಡ್‌ಮಾಸ್ತರರ ಮಗನಾದ ಅವರಿಗೆ ಶಾಲೆಯ ಶುದ್ಧಿಯ ಬಗ್ಗೆ ಭ್ರಮೆಯಿರಲು ಕಾರಣವೂ ಇರಲಿಲ್ಲ. ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಮಣಿ ಪುಸ್ತಕ ತರುವುದು ಅಪರೂಪ. ಹಿಂದಿನ ಬೆಂಚನ್ನು ಆಕ್ರಮಿಸಿ ಧೈರ್ಯವಾಗಿ ನಿದ್ದೆ ಹೊಡೆಯುತ್ತಾನೆ. ಮನೆಯಲ್ಲಿ ಒಂದು ಜೊತೆ ಮರದ ಗದೆಗಳಿವೆ, ಎದುರು ಬಿದ್ದವರ ಬೆನ್ನು ಮುರಿಯಲಿಕ್ಕೆ. ನಮ್ಮಲ್ಲಿ ಎಷ್ಟೋ ಜನ ಅವನನ್ನು ಮೊದಲು ಕಂಡದ್ದು 1980ರ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ ಕಟ್ಟಿದ ಮಾಲ್ಗುಡಿಯಲ್ಲಿ, ನಗುತ್ತಲೇ ಕಂಡೆವು.

ಆದರೆ ಪುಸ್ತಕವನ್ನು ಮತ್ತೆ ಓದಿದರೆ, ಆ ಗದೆಗಳಿಂದ ಯಾರ ಬೆನ್ನೂ ಮುರಿಯುವುದಿಲ್ಲ. ಹೊಸಬ ರಾಜಮ್‌ನನ್ನು ನದಿಗೆ ಎಸೆಯುತ್ತೇನೆಂದು ಹೊರಟ ಮಣಿ, ದಂಡೆಯಲ್ಲೇ ಅವನ ಗೆಳೆಯನಾಗಿಬಿಡುತ್ತಾನೆ. ನಿಜವಾಗಿ ಹೆದರಿಸುವವನು ರಾಜಮ್. ಚೆನ್ನಾಗಿ ಉಡುವ, ಚೆನ್ನಾಗಿ ಓದುವ, ಪೊಲೀಸ್ ಅಧಿಕಾರಿಯ ಮಗ. ಮನೆಯ ಅಡುಗೆಯವನನ್ನು ಗೆಳೆಯರೆದುರೇ ಗದರುತ್ತಾನೆ. ದಾರಿಯಲ್ಲಿ ಬರುವ ಹಳ್ಳಿಯ ಗಾಡಿ ಹುಡುಗನನ್ನು ತಡೆದು ಗಡಗಡ ನಡುಗಿಸುತ್ತಾನೆ. ಆ ಆಟದಲ್ಲಿ ಮಣಿಯೂ ಸ್ವಾಮಿಯೂ ಇದ್ದಾರೆ, ನಿಜ. ಆದರೆ ಆ ಆಟದ ಹಿಂದಿರುವ ಬಲ ರಾಜಮ್‌ನ ಅಪ್ಪನದು. ಅವನನ್ನು ಯಾರೂ ಪುಂಡ ಎನ್ನುವುದಿಲ್ಲ.

ಆ ಬಲ ಎಂಥದೆಂದು ಕಾದಂಬರಿ ತಾರೀಖು ಕೊಟ್ಟೇ ಹೇಳುತ್ತದೆ. 1930ರ ಆಗಸ್ಟ್ 15ರಂದು ಸರಯೂ ದಂಡೆಯಲ್ಲಿ ಪ್ರತಿಭಟನೆಯ ಸಭೆ; ಆಮೇಲೆ ಮುಷ್ಕರ, ಶಾಲೆಯ ಕಿಟಕಿಗಳಿಗೆ ಕಲ್ಲು, ಲಾಠಿ. ಮಾಲ್ಗುಡಿ ಕಲ್ಪನೆಯ ಊರು, ಕಾಲ ಕಲ್ಪನೆಯದಲ್ಲ. ಆ ಆಗಸ್ಟ್‌ನಲ್ಲಿ ಗಾಂಧೀಜಿ ನಮ್ಮ ಶಿವಾಜಿನಗರದಿಂದ ಕೆಲವೇ ಮೈಲಿ ದೂರದ ಯೆರವಡಾ ಜೈಲಿನಲ್ಲಿದ್ದರು. (ಶಿವಾಜಿನಗರ ಹಿಂದೆ ಭಾಂಬುರ್ಡೆ ಎಂಬ ಹಳ್ಳಿ.) ಸಪ್ರೂ, ಜಯಕರ್ ಸಂಧಾನಕ್ಕೆಂದು ಅಲ್ಲಿಗೆ ಬಂದುಹೋಗುತ್ತಿದ್ದರು. ಅದೇ ದಿನಗಳ ಮಾಲ್ಗುಡಿಯಲ್ಲಿ ಲಾಠಿಗೆ ಆಜ್ಞೆ ಕೊಟ್ಟವರು ರಾಜಮ್‌ನ ಅಪ್ಪನೆಂದು ಸ್ವಾಮಿಗೆ ಗೊತ್ತಾಗುತ್ತದೆ. ಅವನಿಗೆ ಸಿಟ್ಟಿಗಿಂತ ಬೇಸರವೇ ಹೆಚ್ಚು: ಅವರೇ ಆಗಬೇಕಿತ್ತೇ? ಹೆಡ್‌ಮಾಸ್ತರರ ಬೆತ್ತ ಕಿತ್ತು ಕಿಟಕಿಯಾಚೆ ಎಸೆದು ಸ್ವಾಮಿ ಓಡಿಹೋಗುವುದು ಇನ್ನೂ ಮುಂದಿನ ಕಥೆ. ಅಲ್ಲಿಯೂ ಅವನು ಓಡುವುದು ಮಣಿಗೆ ಹೆದರಿ ಅಲ್ಲ.

ಕೊನೆಯಲ್ಲಿ ರಾಜಮ್‌ನ ಅಪ್ಪನಿಗೆ ವರ್ಗವಾಗುತ್ತದೆ. ಕ್ರಿಕೆಟ್ ಪಂದ್ಯಕ್ಕೆ ಬಾರದ ಸ್ವಾಮಿಯನ್ನು ರಾಜಮ್ ಕ್ಷಮಿಸಿಲ್ಲ. ಸ್ವಾಮಿ ತಂದ ಪುಸ್ತಕವನ್ನು ಚಲಿಸುವ ರೈಲಿನ ಪಕ್ಕ ಓಡಿ ರಾಜಮ್‌ನ ಕೈಗೆ ಮುಟ್ಟಿಸುವವನು ಮಣಿ. ರಾಜಮ್ ಕಾಗದ ಬರೆಯುತ್ತಾನೆಯೇ ಎಂಬ ಸ್ವಾಮಿಯ ಆಸೆಗೆ ಹೂಂ ಎನ್ನುವವನೂ ಅವನೇ. ಸ್ಟೇಷನ್ನಿನ ಮಿಣುಕು ದೀಪದಲ್ಲಿ ಸ್ವಾಮಿ ಆ ಮುಖವನ್ನು ಹುಡುಕಿ ನೋಡುತ್ತಾನೆ. ಮೊದಲ ಬಾರಿಗೆ ಅದರಲ್ಲಿ ಏನಿದೆಯೆಂದು ಅವನಿಗೆ ತಿಳಿಯುವುದಿಲ್ಲ.