ಮಲತಾಯಿಯ ಕೇಡಿಗೆ ಮೂಲವಾವುದು?

ಅಜ್ಜಿಯರು ಹೇಳುವ ಕಥೆಗಳಲ್ಲಿ ಮಲತಾಯಿಗೆ ಬಹುಮಟ್ಟಿಗೆ ಹೆಸರೇ ಇರುವುದಿಲ್ಲ. ಕೇಡು ಮಾತ್ರ ಇರುತ್ತದೆ. ಸವತಿಯ ಮಕ್ಕಳಿಗೆ ಆಕೆ ಹಳಸಿದ ಅನ್ನವಿಕ್ಕುತ್ತಾಳೆ, ಅವರನ್ನು ಕಾಡಿಗಟ್ಟುತ್ತಾಳೆ. ಏಕೆಂದು ಕೇಳುವವರು ವಿರಳ. ಹಾಗೆ ಕೇಳಿದವರಲ್ಲಿ ಜೈನ ಪುರಾಣಕಾರರೂ ಸೇರುತ್ತಾರೆ.

ನಮ್ಮ ನಾಡಿನ ಅತಿ ಪ್ರಸಿದ್ಧ ಮಲತಾಯಿ ಕೈಕೆ. ವಾಲ್ಮೀಕಿಯ ಕಾವ್ಯದಲ್ಲಿ ಆಕೆ ಮಂಥರೆಯ ಮಾತಿಗೆ ಮರುಳಾಗಿ, ಭರತನಿಗೆ ಪಟ್ಟವನ್ನೂ ರಾಮನಿಗೆ 14 ವರ್ಷಗಳ ವನವಾಸವನ್ನೂ ಬೇಡುತ್ತಾಳೆ. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದಲ್ಲಿ ಸಂದರ್ಭವೇ ಬೇರೆ. ಸ್ವಯಂವರದ ಬಳಿಕ ನಡೆದ ಯುದ್ಧದಲ್ಲಿ ರಥ ನಡೆಸಿ ಪತಿಯನ್ನು ಗೆಲ್ಲಿಸಿದ ಕೈಕೆಗೆ ದಶರಥನು ವರವೊಂದನ್ನು ಕೊಟ್ಟಿದ್ದನು. ಮುಂದೆ ಅವನು ವಿರಕ್ತನಾಗಿ ದೀಕ್ಷೆಗೆ ಸಿದ್ಧನಾದಾಗ ಭರತನೂ ತಂದೆಯ ದಾರಿಯನ್ನೇ ಹಿಡಿಯಬಯಸಿದನು. ಪತಿಯನ್ನೂ ಮಗನನ್ನೂ ಒಮ್ಮೆಲೇ ಕಳೆದುಕೊಳ್ಳುವ ಭಯದಿಂದ ಕೈಕೆ, ರಾಜ್ಯಭಾರದ ಕಟ್ಟಿನಿಂದಾದರೂ ಮಗನು ಮನೆಯಲ್ಲಿ ಉಳಿಯಲೆಂದು ಅವನಿಗೆ ಪಟ್ಟವನ್ನು ಬೇಡಿದಳು. ರಾಮನನ್ನು ಕಾಡಿಗೆ ಕಳುಹಿಸೆಂದು ಆಕೆ ಕೇಳಲಿಲ್ಲ. ತಾನಿದ್ದರೆ ತಮ್ಮನ ಆಳ್ವಿಕೆ ಬೆಳಗದೆಂದು ರಾಮನೇ ಹೊರಟನು. 12ನೆಯ ಶತಮಾನದ ಆದಿಭಾಗದಲ್ಲಿ ಕನ್ನಡದ ನಾಗಚಂದ್ರನು ‘ರಾಮಚಂದ್ರಚರಿತಪುರಾಣ’ವನ್ನು ರಚಿಸಿದಾಗ ಅನುಸರಿಸಿದುದು ಈ ವಿಮಲಸೂರಿಯ ಪರಂಪರೆಯನ್ನೇ.

ಅದೇ ಶತಮಾನದಲ್ಲಿ ಗುಜರಾತಿನ ಹೇಮಚಂದ್ರಾಚಾರ್ಯರು ‘ಪರಿಶಿಷ್ಟಪರ್ವ’ದಲ್ಲಿ ಮತ್ತೊಬ್ಬ ಮಲತಾಯಿಯನ್ನು ಚಿತ್ರಿಸಿದರು. ಮಗ ಕುಣಾಲನು ‘ಅಧ್ಯಯನ ಮಾಡಲಿ’ ಎಂದು ಅಶೋಕನು ಬರೆದ ಓಲೆಗೆ ರಾಣಿಯೊಬ್ಬಳು ಒಂದು ಬಿಂದುವನ್ನು ಸೇರಿಸಿದಳು. ಅದರಿಂದ ಓಲೆಯ ಅರ್ಥ ‘ಕುರುಡನಾಗಲಿ’ ಎಂದಾಯಿತು. ತಂದೆಯ ಆಜ್ಞೆಯೆಂದೇ ಭಾವಿಸಿ ಬಾಲಕನು ಕಣ್ಣು ಕಳೆದುಕೊಂಡನು. ತನ್ನ ಮಗನೇ ಅರಸನಾಗಬೇಕೆಂಬುದು ಆಕೆಯ ಆಸೆ.

ಇಬ್ಬರೂ ಬೇಡಿದುದು ತಮಗಾಗಿ ಅಲ್ಲ, ಹೆತ್ತ ಮಗನಿಗಾಗಿ. ಹಲವು ರಾಣಿಯರಿದ್ದ ಅರಮನೆಯಲ್ಲಿ ಮಗನ ಪಟ್ಟವೇ ತಾಯಿಯ ಆಸರೆಯಾಗಿತ್ತು. ಇದು ಹೊರಗಿನ ಕಾರಣ. ಒಳಗಿನ ಕಾರಣ ಮೋಹ. ತನ್ನ ಮಗುವಿನ ಮೇಲಿನ ಪ್ರೀತಿ ತಪ್ಪಲ್ಲ. ಅದು ಇತರರ ಮಗುವನ್ನು ಕಾಣದಷ್ಟು ಕುರುಡಾದಾಗ ಲೋಭವಾಗಿ, ಕೊನೆಗೆ ಹಿಂಸೆಯಾಗುತ್ತದೆ. ಆದಕಾರಣ ಈ ದೋಷ ಮಲತಾಯಿಗೆ ಮಾತ್ರ ಮೀಸಲಲ್ಲ.

ಜರ್ಮನಿಯ ಗ್ರಿಮ್ ಸಹೋದರರ ಸಂಗ್ರಹವೂ ಇದಕ್ಕೆ ಸಾಕ್ಷಿ. 1812ರ ಮೊದಲ ಮುದ್ರಣದಲ್ಲಿ ಹಿಮಬಿಳುಪಿನ ರಾಜಕುಮಾರಿಯನ್ನು ಕೊಲ್ಲಿಸಲೆಳಸಿದವಳು ಹೆತ್ತ ತಾಯಿಯೇ. 1819ರ ಮುದ್ರಣದಲ್ಲಿ ಆಕೆಯನ್ನು ಮಲತಾಯಿಯಾಗಿ ಮಾರ್ಪಡಿಸಲಾಯಿತು. ತಾಯ್ತನದ ಗೌರವ ಉಳಿಯಿತು. ಅಪವಾದದ ಹೊರೆ ಮತ್ತೊಬ್ಬಳ ತಲೆಗೇರಿತು.

ಆ ಹೊರೆಯನ್ನು ಇಂದಿಗೂ ಅನೇಕ ಸ್ತ್ರೀಯರು ಹೊರುತ್ತಿದ್ದಾರೆ. ತಾಯಿಯಿಲ್ಲದ ಮಕ್ಕಳ ಮನೆಗೆ ಬಂದವಳು ಒಂದು ತುತ್ತು ಬಡಿಸುವ ಮೊದಲೇ ನೆರೆಹೊರೆಯವರ ಸಂಶಯಕ್ಕೆ ಗುರಿಯಾಗುತ್ತಾಳೆ. ಮಕ್ಕಳ ಮನಸ್ಸಿನಲ್ಲಿಯೂ ಕಥೆಯ ಭಯ ಮೊದಲೇ ಮನೆಮಾಡಿರುತ್ತದೆ.

ಕಾರಣವನ್ನು ತಿಳಿಯುವುದೆಂದರೆ ತಪ್ಪನ್ನು ಮನ್ನಿಸುವುದಲ್ಲ. ಕುಣಾಲನ ಕತ್ತಲೆಗೆ ಮೋಹವು ಸಮಾಧಾನವಾಗದು. ಆದರೆ ಕಾರಣ ತಿಳಿದಲ್ಲಿ ತಿದ್ದಿಕೊಳ್ಳುವ ದಾರಿಯೂ ತೆರೆಯುತ್ತದೆ. ವಿಮಲಸೂರಿಯ ಕೈಕೆ ಭರತನೊಡನೆ ಕಾಡಿಗೆ ಹೋಗಿ ರಾಮನ ಕ್ಷಮೆ ಬೇಡಿದಳು. ಕಡೆಗೆ ದೀಕ್ಷೆಯನ್ನೂ ಸ್ವೀಕರಿಸಿದಳು. ಮಕ್ಕಳಿಗೆ ರಾಮಕಥೆ ಹೇಳುವ ಹಿರಿಯರು ವರ ಬೇಡಿದ ಕೈಕೆಯಲ್ಲಿಯೇ ನಿಲ್ಲದೆ, ಕ್ಷಮೆ ಬೇಡಿದ ಕೈಕೆಯವರೆಗೂ ಕಥೆಯನ್ನು ನಡೆಸುವುದು ಯೋಗ್ಯ.