ದೆಹಲಿಯ ಕತ್ತರಿ, ಪೀಣ್ಯದ ಲೇತು

ಕೇಂದ್ರ ಮುಂಗಡಪತ್ರದಲ್ಲಿ ರಕ್ಷಣಾ ವೆಚ್ಚಕ್ಕೆ ಕತ್ತರಿ ಬಿದ್ದರೆ ಹೊಸ ವಿಮಾನಗಳ ಖರೀದಿ ಮುಂದಕ್ಕೆ ಹೋಗುತ್ತದೆ. ಎರಡು ಲೇತು ಇಟ್ಟುಕೊಂಡು ವಿಮಾನದ ಬಿಡಿಭಾಗ ಕಡೆಯುವ ಬೆಂಗಳೂರಿನ ಸಣ್ಣ ಉದ್ಯಮಿಗೂ ಅದರ ಪೆಟ್ಟು ತಾಗುತ್ತದೆ ಎಂಬುದು ಹೆಚ್ಚು ಚರ್ಚೆಗೆ ಬರುವುದಿಲ್ಲ.

ಈ ಕಥೆ ಹಳೆಯದು. ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳನ್ನು ದುರಸ್ತಿ ಮಾಡಿತು. ಯುದ್ಧ ಮುಗಿದೊಡನೆ ಆ ಕೆಲಸವೂ ಕರಗಿತು. ಕಾರ್ಖಾನೆ ರೈಲು ಬೋಗಿಗಳ ತಯಾರಿಕೆಗೆ ಕೈಹಾಕಿ ಉಳಿದುಕೊಂಡಿತು. ದೊಡ್ಡ ಸಂಸ್ಥೆಗೆ ಇಂಥ ದಾರಿಯಿತ್ತು.

ಮುಂದೆ ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ಗಳ ಸುತ್ತ ನೂರಾರು ಪೂರಕ ಘಟಕಗಳು ಹುಟ್ಟಿಕೊಂಡವು. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಹಲವರಿಗೆ ಒಬ್ಬರೇ ಗಿರಾಕಿ. 1991ರ ವಿದೇಶಿ ವಿನಿಮಯದ ಬಿಕ್ಕಟ್ಟಿನ ನಂತರ ಸರ್ಕಾರ ಕೈ ಬಿಗಿಹಿಡಿಯಿತು. ಸಂಬಳ, ಪಿಂಚಣಿಗಳನ್ನು ಕಡಿತ ಮಾಡಲಾಗದು. ಆದ್ದರಿಂದ ಕತ್ತರಿ ಮೊದಲು ಬೀಳುವುದು ಹೊಸ ಖರೀದಿಯ ಮೇಲೆ. ಅದೇ ವರ್ಷ ಸೋವಿಯತ್ ಒಕ್ಕೂಟ ಕುಸಿದು ಬಿಡಿಭಾಗಗಳ ಪೂರೈಕೆ ಅಸ್ತವ್ಯಸ್ತವಾದಾಗ, ಅವನ್ನು ಇಲ್ಲೇ ತಯಾರಿಸಬೇಕೆಂಬ ಒತ್ತಡ ಬಂದದ್ದು ಬೇರೆ ಮಾತು.

ಕಡಿತ ಕೆಳಗಿಳಿಯುವ ಬಗೆ ಸರಳ. ಹಣ ಬಾರದಿದ್ದರೆ ಸೇನೆ ಕಾರ್ಖಾನೆಗೆ ಬಾಕಿ ನಿಲ್ಲಿಸುತ್ತದೆ. 2019ರ ಜನವರಿಯಲ್ಲಿ ವಾಯುಪಡೆಯ ಬಾಕಿಯಿಂದಾಗಿ ಎಚ್‌ಎಎಲ್‌ನಂಥ ಸಂಸ್ಥೆಯೇ ಬ್ಯಾಂಕಿನಿಂದ ಸುಮಾರು ಸಾವಿರ ಕೋಟಿ ರೂಪಾಯಿ ಸಾಲ ಪಡೆಯಬೇಕಾಯಿತು. ಅಂಥ ಸಾಲ ಸಣ್ಣ ಘಟಕಕ್ಕೆ ಹುಟ್ಟುವುದಿಲ್ಲ. ಅದು ದುಬಾರಿ ಲೋಹ ಕೊಂಡಿರುತ್ತದೆ, ತಪಾಸಣೆಗಾಗಿ ತಿಂಗಳುಗಟ್ಟಲೆ ಕಾದಿರುತ್ತದೆ. ವಿಮಾನಕ್ಕೆಂದೇ ಕಡೆದ ಭಾಗವನ್ನು ಬೇರೆಯವರಿಗೆ ಮಾರಲಾಗದು. ಬಡ್ಡಿ ಏರುತ್ತದೆ, ನುರಿತ ಕೆಲಸಗಾರ ಬೇರೆಡೆ ಹೋಗುತ್ತಾನೆ. ಮುಂದಿನ ವರ್ಷ ಆದೇಶ ಬಂದರೂ ಅದನ್ನು ಪೂರೈಸುವ ಕೈ ಇರುವುದಿಲ್ಲ.

ಕಾನೂನು ಸುಮ್ಮನಿಲ್ಲ. ತಡವಾದ ಪಾವತಿಗೆ ಬಡ್ಡಿ ವಿಧಿಸುವ ಕಾಯ್ದೆ 1993ರಲ್ಲೇ ಬಂತು. 2006ರ ಕಾಯ್ದೆಯ ಪ್ರಕಾರ ಖರೀದಿದಾರರು ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು. ಕೇಂದ್ರ ಸರ್ಕಾರಿ ಖರೀದಿಯಲ್ಲಿ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಪಾಲು ನಿಗದಿಪಡಿಸಿದ 2012ರ ನೀತಿಯಲ್ಲಿ ಆ ಪಾಲು ಮೊದಲು ಶೇ. 20 ಇತ್ತು, 2018ರಲ್ಲಿ ಶೇ. 25ಕ್ಕೇರಿತು. ಆದರೆ ಇರುವ ಒಬ್ಬನೇ ಗಿರಾಕಿಯ ಮೇಲೆ ದೂರು ಕೊಡಲು ಸಣ್ಣವನಿಗೆ ಧೈರ್ಯ ಸಾಲದು. ಅಲ್ಲದೆ ಕಾನೂನು ಕೊಡಿಸುವುದು ಖರೀದಿಯಲ್ಲಿ ಪಾಲನ್ನು; ಖರೀದಿಯೇ ನಿಂತರೆ ಪಾಲು ಯಾವುದರಲ್ಲಿ?

ವಿಮಾನದ ಖರೀದಿಯನ್ನು ಒಂದು ವರ್ಷ ಮುಂದೂಡಬಹುದು. ಮುಚ್ಚಿದ ವರ್ಕ್‌ಶಾಪನ್ನು ಮತ್ತೆ ತೆರೆಸುವುದು ಅಷ್ಟು ಸುಲಭವಲ್ಲ.