ಅವ್ವನ ಸೆರಗು, ಹನ್ನೆರಡು ಇಂಚಿನ ಚೌಕ

30 ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದ ನನಗೆ, ದಿನಾ ರಾತ್ರಿ ಹೊದ್ದುಕೊಂಡು ಮಲಗುವ ಕೌದಿಗೂ ಒಂದು ಇತಿಹಾಸ ಇದ್ದೀತೆಂದು ಎಂದೂ ಹೊಳೆದಿರಲಿಲ್ಲ. ಹೊಳೆದದ್ದು 2019ರಲ್ಲಿ, ಮಗಳ ಬಾಣಂತನಕ್ಕೆಂದು ಅಮೆರಿಕದ ಓಹಾಯೋ ಸಂಸ್ಥಾನಕ್ಕೆ ಹೋದಾಗ.

ಪೆಟ್ಟಿಗೆಯಲ್ಲಿ ಅಂಟಿನುಂಡಿ, ಮೆಂತ್ಯ, ಬಜೆ ಬೇರುಗಳ ಕೆಳಗೆ ಅವ್ವನ ಒಂದು ಇಲಕಲ್ಲ ಸೀರೆ ಇಟ್ಟುಕೊಂಡು ಹೋಗಿದ್ದೆ. ಹಸುಗೂಸಿಗೆ ಹೊಸ ಬಟ್ಟೆ ಹಾಕಬಾರದು, ಹಳೆಯ ಅರಿವೆಯೇ ಮೆತ್ತಗೆ ಎನ್ನುವುದು ನಮ್ಮ ಕಡೆಯ ಮಾತು. ಅವ್ವನ ಉಳಿದ ಸೀರೆಗಳೆಲ್ಲ ಅವಳ ಕೈಯಿಂದಲೇ ಕೌದಿಯಾಗಿ, ಕೌದಿ ಹರಿದು ಮತ್ತೊಂದು ಕೌದಿಯ ಹೊಟ್ಟೆ ಸೇರಿ ಮುಗಿದಿದ್ದವು. ಇದೊಂದೇ ಉಳಿದದ್ದು. ಒಡಲು ಅಲ್ಲಲ್ಲಿ ಜಾಳಾಗಿತ್ತು, ಸೆರಗು ಮಾತ್ರ ಗಟ್ಟಿ. ಕತ್ತರಿ ಹಾಕಲು ನನಗೆ ಮನಸ್ಸಿಲ್ಲ. "ಮತ್ಯಾಕ ತಂದೀ ಅವ್ವಾ?" ಎಂದು ಮಗಳು ಕೇಳಿದರೆ ಉತ್ತರವೂ ಇಲ್ಲ.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಸೀರೆ ನೋಡಿದವರೇ ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದು ಆಗಲೇ ಅರ್ಧ ಬ್ಲಾಕು" ಎಂದರು. ಇಲಕಲ್ಲ ಸೆರಗು ಬಲ್ಲವರಿಗೆ ನಾನು ಹೇಳಬೇಕಿಲ್ಲ. ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ. ಕೆಂಪು ಬಿಳಿಯನ್ನು ಕೂಡುವಲ್ಲಿ ಹಣಿಗೆಯ ಹಲ್ಲಿನಂತೆ, ಕೋಟೆಯ ತೆನೆಯಂತೆ ಒಂದರೊಳಗೊಂದು ಹೊಕ್ಕ ಸಾಲು. ಅವರು ನಮ್ಮನ್ನು ಒಳಗೆ ಕರೆದು ಗಣಕಯಂತ್ರದ ಮುಂದೆ ಕೂಡಿಸಿದರು. ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಗಣಕಯಂತ್ರ! ಅದರೊಳಗೆ 'ಎಲೆಕ್ಟ್ರಿಕ್ ಕ್ವಿಲ್ಟ್' ಎಂಬ ತಂತ್ರಾಂಶ. ಅದು ಅದೇ ಓಹಾಯೋದ ಬೌಲಿಂಗ್ ಗ್ರೀನ್ ಎಂಬ ಊರಿನ ಸರಕು. ಕ್ವಿಲ್ಟ್‌ಗಳ ಬಗ್ಗೆ ಬರೆಯುತ್ತಿದ್ದ ಪೆನ್ನಿ ಮೆಕ್‌ಮಾರಿಸ್ ಮತ್ತು ಗಣಿತದ ಪ್ರಾಧ್ಯಾಪಕರಾಗಿದ್ದ ಅವರ ಪತಿ ಡೀನ್ ನ್ಯೂಮನ್ 1991ರಲ್ಲಿ ಮೊದಲ ಆವೃತ್ತಿ ಹೊರತಂದರಂತೆ. ಹೆಂಡತಿಯ ಕೌದಿಗೆ ಗಂಡನ ಗಣಿತ. ನಮ್ಮಲ್ಲಿ ಗಂಡಸರು ಕೌದಿಗೆ ಕೊಟ್ಟದ್ದೆಂದರೆ ಹರಿದ ಧೋತರ ಒಂದೇ.

ಬ್ಲಾಕು ಎಂದರೆ ಒಂದು ಚೌಕ. ಸಣ್ಣ ಸಣ್ಣ ತುಂಡು ಕೂಡಿಸಿ ಒಂದು ಚೌಕ, ಅಂಥ ಹತ್ತಾರು ಚೌಕ ಕೂಡಿಸಿ ಒಂದು ಕ್ವಿಲ್ಟ್. ಮೊದಲಿನಿಂದ ಹೀಗಿರಲಿಲ್ಲ. ಹದಿನೆಂಟನೆಯ ಶತಮಾನದ ಉಳ್ಳವರ ಕ್ವಿಲ್ಟ್‌ಗಳಲ್ಲಿ ಇಡೀ ಬಟ್ಟೆಯೇ ಇರುತ್ತಿತ್ತು. ಇಲ್ಲವೇ ನಮ್ಮ ಕೋರಮಂಡಲ ಕರಾವಳಿಯ ಚೀಟಿನ ಬಟ್ಟೆಯಿಂದ ಹೂಬಳ್ಳಿಗಳನ್ನು ಕತ್ತರಿಸಿ ಬಿಳಿಯ ಬಟ್ಟೆಗೆ ಹಚ್ಚುತ್ತಿದ್ದರು. ಆ ಚೀಟು ಎಷ್ಟು ಮೆಚ್ಚಿನದಾಗಿತ್ತೆಂದರೆ, ತಮ್ಮ ನೇಕಾರರು ಕೆಡುತ್ತಾರೆಂದು ಇಂಗ್ಲೆಂಡಿನ ಪಾರ್ಲಿಮೆಂಟು 1721ರಲ್ಲಿ ಅದನ್ನು ಉಡಬಾರದೆಂದೇ ಕಾಯಿದೆ ಮಾಡಿತು. ಇದನ್ನು ನಾನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆಸಿದ್ದೇನೆ. ಆ ಬಟ್ಟೆಯ ಚೂರು ಯಾರ ಹಾಸಿಗೆಯ ಮೇಲೆ ಹೋಗಿ ಕೂತಿತೆಂದು ಒಬ್ಬ ಹುಡುಗಿಯೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಚೌಕದ ಪದ್ಧತಿ ಬೇರೂರಿದ್ದು 1840ರ ಆಚೀಚೆ. ಅಮೆರಿಕದ ಈಶಾನ್ಯ ಭಾಗದ ಗಿರಣಿಗಳಿಂದ ಅಚ್ಚಿನ ಬಟ್ಟೆ ಅಗ್ಗವಾಗಿ ಬರತೊಡಗಿತು. ಅಗ್ಗವಾದದ್ದು ಹೇಗೆ ಎಂಬುದನ್ನೂ ಹೇಳಬೇಕು: ಹತ್ತಿ ಬಿಡಿಸುತ್ತಿದ್ದವರು ದಕ್ಷಿಣದ ಗುಲಾಮರು. ಇಡೀ ಕೌದಿ ಹರವಲು ದೊಡ್ಡ ಪಡಸಾಲೆ ಬೇಕು. ಚೌಕಕ್ಕೆ ತೊಡೆಯಷ್ಟು ಜಾಗ ಸಾಕು. ಒಂದೊಂದು ಚೌಕಕ್ಕೆ ಹೆಸರು ಬಿದ್ದವು: ಕರಡಿಯ ಪಾದ, ಕುಡುಕನ ದಾರಿ, ಹಾರುವ ಬಾತು. 1889ರಲ್ಲಿ ಸೇಂಟ್ ಲೂಯಿಸ್ ನಗರದ ಲೇಡೀಸ್ ಆರ್ಟ್ ಕಂಪನಿ ಅಂಚೆಯಲ್ಲಿ ಮಾದರಿ ಮಾರತೊಡಗಿತು. ಕನ್ಸಾಸ್ ಸಿಟಿ ಸ್ಟಾರ್ ಪತ್ರಿಕೆ 1928ರಿಂದ 1961ರವರೆಗೆ ಸಾವಿರಕ್ಕೂ ಮಿಕ್ಕಿ ಮಾದರಿಗಳನ್ನು ಅಚ್ಚುಹಾಕಿತು. ಒಂದೇ ಚೌಕಕ್ಕೆ ಊರಿಗೊಂದು ಹೆಸರಾಗಿ ಗೊಂದಲವೆದ್ದಾಗ, ಬಾರ್ಬರಾ ಬ್ರ್ಯಾಕ್‌ಮನ್ ಎಂಬ ವಿದುಷಿ ನಾಲ್ಕು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಹೆಕ್ಕಿ, ಗೆರೆಗಳ ರಚನೆಯ ಮೇಲೆ ವರ್ಗ ಮಾಡಿ ಒಂದೊಂದಕ್ಕೂ ಅಂಕಿ ಕೊಟ್ಟರು. 1995ರಲ್ಲಿ ಆ ಕೋಶವೂ ಗಣಕಯಂತ್ರ ಸೇರಿತು. ಗುಲಾಮರು ಓಡಿಹೋಗಲು ಕ್ವಿಲ್ಟ್‌ಗಳಲ್ಲಿ ಗುಪ್ತ ಸಂಕೇತವಿತ್ತು ಎಂಬ ಕಥೆ 1999ರ ಒಂದು ಪುಸ್ತಕದಿಂದ ಎಲ್ಲೆಡೆ ಹಬ್ಬಿದೆ. ಕೇಳಲು ಚೆಂದ, ಆದರೆ ಇತಿಹಾಸಕಾರರು ಅದಕ್ಕೆ ಆಧಾರವಿಲ್ಲವೆನ್ನುತ್ತಾರೆ.

ಅದಿರಲಿ. ಆಕೆ ಪರದೆಯ ಮೇಲೆ 12 ಇಂಚಿನ ಚೌಕ ತೆರೆದು, ಅಡ್ಡ 12, ಉದ್ದ 12 ಮನೆಗಳನ್ನು ಮಾಡಿದರು. ಗೆರೆ ಎಳೆದರೆ ಮೂಲೆಗೆ ತಾನೇ ಹೋಗಿ ಅಂಟುತ್ತದೆ. ಒಂದೊಂದು ಇಂಚಿನ 12 ಕಂಬ. ಒಂದರಲ್ಲಿ ಕೆಂಪು 8 ಇಂಚು, ಬಿಳಿ 4. ಮುಂದಿನದರಲ್ಲಿ ಕೆಂಪು 4, ಬಿಳಿ 8. ಹಣಿಗೆಯ ಹಲ್ಲು ಮೂಡಿತು! ಸೆರಗಿನ ಚಿತ್ರ ತೆಗೆದು ಒಳಗೆ ಹಾಕಿದರೆ ಅವ್ವನ ಸೀರೆಯ ಬಣ್ಣವೇ ಕಂಬಗಳಲ್ಲಿ ತುಂಬಿಕೊಂಡಿತು. ತಿರುಗಿಸಿದರು, ಮಗ್ಗುಲಾಗಿಸಿದರು, ಒಂಬತ್ತು ಚೌಕ ಜೋಡಿಸಿದರು. ಒಂದು ಮಧ್ಯಾಹ್ನದಲ್ಲಿ ಅವ್ವನ ಸೀರೆಯನ್ನು ನಲವತ್ತು ಸಲವಾದರೂ ಕತ್ತರಿಸಿದೆವು, ಸೀರೆ ಮಾತ್ರ ಮಡಿಲಲ್ಲಿ ಇದ್ದಂತೆಯೇ ಇತ್ತು. ನನಗೆ ಉಸಿರು ಹಗುರಾಯಿತು.

ಎಷ್ಟು ಬಟ್ಟೆ ಬೇಕು, ಯಾವ ತುಂಡು ಎಷ್ಟು ಎಂದು ಯಂತ್ರವೇ ಲೆಕ್ಕ ಕೊಟ್ಟಿತು. ಹೊಲಿಗೆಗೆಂದು ಪ್ರತಿ ಅಂಚಿಗೆ ಕಾಲು ಇಂಚು ಬಿಡಬೇಕಾದ್ದರಿಂದ 1 ಇಂಚಿನ ಪಟ್ಟಿಯನ್ನು 1½ ಇಂಚಾಗಿ ಕತ್ತರಿಸಬೇಕು. ಅಂಗಡಿಯ ಕೆಂಪು ಬಿಳಿ ಹತ್ತಿ ಬಟ್ಟೆಯಲ್ಲಿ ಮೊದಲ ಚೌಕ ನಾನೇ ಹೊಲಿದೆ. ಹನ್ನೆರಡೂವರೆ ಇಂಚು ಬರಬೇಕಾದ್ದು ಅಗಲದಲ್ಲಿ ಹನ್ನೊಂದಕ್ಕೆ ಬಂದು ನಿಂತಿತು. ಉದ್ದ ಬಹುತೇಕ ಸರಿಯಾಗಿಯೇ ಇದೆ! ಯಂತ್ರದ ಲೆಕ್ಕ ತಪ್ಪಿದೆ ಎಂದೆ. ಆಕೆ ಅಳತೆಪಟ್ಟಿ ಹಿಡಿದು ತೋರಿಸಿದರು. ನನ್ನ ಹೊಲಿಗೆ ಕಾಲು ಇಂಚಿಗಿಂತ ಬರೀ ಒಂದು ಇಂಚಿನ ಹದಿನಾರನೆಯ ಒಂದು ಪಾಲು ಒಳಗೆ ಬಿದ್ದಿತ್ತು. ಎರಡೂ ತುಂಡಿಗೆ ಸೇರಿ ಎಂಟನೆಯ ಒಂದು ಪಾಲು. ಅಗಲದಲ್ಲಿ 11 ಹೊಲಿಗೆ, ಆಯಿತಲ್ಲ, ಒಂದೂಕಾಲು ಇಂಚಿಗೂ ಹೆಚ್ಚು. ಬಿಚ್ಚಿ ಮತ್ತೆ ಹೊಲಿದೆ.

ಬಿಚ್ಚುವಾಗ ಅವ್ವ ನೆನಪಾದಳು. ಅವಳಿಗೆ ಅಳತೆ ಎಂದರೆ ಗೇಣು, ಮೊಳ. ಓಣಿಗೆ ಬರುತ್ತಿದ್ದ ಗೊಂದಲಿಗರ ಹೆಣ್ಣುಮಕ್ಕಳು ಪಡಸಾಲೆಯಲ್ಲಿ ಹಳೆಯ ಸೀರೆ ಹರವಿ, ಅಂಚಿನಿಂದ ದಬ್ಬಣ ಹಿಡಿದು ಒಳಗೊಳಗೆ ಸುತ್ತಿಕೊಂಡು ಹೋಗುತ್ತಿದ್ದರು. ಅವ್ವ ಅವರೊಡನೆ ಕೂತು ಒಂದು ಮಗ್ಗುಲು ಹಿಡಿಯುತ್ತಿದ್ದಳು. ಮೊದಲೇ ಚಿತ್ರ ಬರೆದುಕೊಂಡದ್ದನ್ನು ನಾನು ನೋಡಿಲ್ಲ. ಚಿಂದಿ ಎಷ್ಟಿತ್ತೋ ಅಷ್ಟರ ಮೇಲೆ ಚಿತ್ತಾರ.

ಇನ್ನೊಂದು ನಾಚಿಕೆಯ ಸಂಗತಿ. ಆ ಊರಿನ ಗ್ರಂಥಾಲಯದಲ್ಲಿ ಹೆನ್ರಿ ಡ್ರೂವಲ್ ಎಂಬ ಕಲಾ ಇತಿಹಾಸಕಾರರು ನಮ್ಮ ಉತ್ತರ ಕನ್ನಡದ ಸಿದ್ದಿಯರ ಕೌದಿಗಳ ಬಗ್ಗೆ ಬರೆದದ್ದನ್ನು ಓದಿದೆ. ಸಿದ್ದಿಯರು ಅದಕ್ಕೆ ಕವಂದ ಎನ್ನುತ್ತಾರೆ. ಒಂದು ಮೂಲೆಯಿಂದ ಹಿಡಿದು ನಡುವಿನವರೆಗೆ ಹೊಲಿದು, ಕೊನೆಗೆ ನಾಲ್ಕೂ ಮೂಲೆಗೆ ಮಡಿಸಿದ ಅರಿವೆಯ ಚೂರು ಹಚ್ಚುತ್ತಾರೆ. ಅದಕ್ಕೆ 'ಫುಲ' ಎಂದು ಹೆಸರು, ಹೂವು. ಅದಿಲ್ಲದ ಕವಂದ ಬತ್ತಲೆ ಎಂಬುದು ಅವರ ಭಾವನೆ. ಧಾರವಾಡದಿಂದ ಹಳಿಯಾಳ ಬಸ್ಸಿನ ಹತ್ತಿರದ ಹಾದಿ. ಸಂತೆಯಲ್ಲಿ ಸಿದ್ದಿ ಹೆಂಗಸರನ್ನು ಎಷ್ಟು ಸಲ ಕಂಡಿಲ್ಲ! ಪೋರ್ಚುಗೀಸರು ಆಫ್ರಿಕದ ಜನರನ್ನು ಗೋವೆಗೆ ತಂದ ಪಾಠ ಮಾಡುತ್ತಿದ್ದವಳು ಅವರ ಹೆಗಲ ಮೇಲಿನ ಕೂಸು ಏನು ಹೊದ್ದಿದೆಯೆಂದು ನೋಡಲಿಲ್ಲ.

ಮೊಮ್ಮಗಳು ಹುಟ್ಟುವ ಹೊತ್ತಿಗೆ ಒಂಬತ್ತು ಚೌಕ ಮುಗಿದಿದ್ದವು. ಹಿಂದಿನ ಮಗ್ಗುಲಿಗೆ ಅವ್ವನ ಸೀರೆಯ ಒಡಲನ್ನು ಕತ್ತರಿಸಿ ಹಾಕಿದೆ. ಜಾಳಾದ ಜಾಗಕ್ಕೆ ಒಳಗಿನಿಂದ ತೇಪೆ. ಸೆರಗನ್ನು ಮಡಿಸಿಟ್ಟೆ. ಯಂತ್ರದಲ್ಲಿ ಚೌಕವನ್ನು ಉಳಿಸಿಡಲು ಹೆಸರು ಬೇಕೆಂದಾಗ ಮಗಳು 'ಟೋಪತೆನಿ' ಎಂದು ಬರೆದಳು. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಸೆರಗನ್ನು ಮತ್ತೆ ಬಿಡಿಸಿ, ತುದಿಯಿಂದ ಎರಡು ಬೆರಳಿನಷ್ಟು ಕೆಂಪು ಕತ್ತರಿಸಿ, ನಾಲ್ಕು ಚೂರು ಮಾಡಿ ಮಡಿಸಿ, ಮೂಲೆಗೊಂದು ಹಚ್ಚಿದೆ.

ಬೆಳಿಗ್ಗೆ ಮಗಳು ಕೂಸಿಗೆ ಹೊದಿಸುವಾಗ ನೋಡಿದಳು. "ಅವ್ವಾ, ಇದು ಡಿಸೈನಿನಾಗ ಇರಲಿಲ್ಲಲಾ?"

"ಇರಲಿಲ್ಲ" ಎಂದೆ.